ನಿಲ್ಲಿಸದೆ ಹೋದ ಗಾಡಿ

ಕಳೆದ ಕಾರ್ತಿಕ ಮಾಸದ ಒಂದು ಶುಕ್ರವಾರ. ಆಫೀಸಿನಿಂದ ಹೊರಡುವಾಗಲೇ ರಾತ್ರಿ ಒಂಬತ್ತೂವರೆ. ಕೆಂಗೇರಿಯ ಟ್ರಾಫಿಕ್ಕಿನಲ್ಲಿ ತೆವಳಿ, ಎಕ್ಸ್‌ಪ್ರೆಸ್‌ವೇ ಹತ್ತಿ, ಬಿಡದಿ ದಾಟಿದ ಮೇಲೆ ಕಾರು ಒಂದೇ ಸಮನೆ ಓಡತೊಡಗಿತು. ರಾಮನಗರದ ಬೈಪಾಸ್ ಮೇಲೆ ಎಲ್ಲೋ ಒಂದು ಕಡೆ, ರಸ್ತೆಯಂಚಿನಲ್ಲಿ ಒಂದು ಬೆಳಕು ಮೇಲೆ ಕೆಳಗೆ ಆಡಿತು. ಮೊಬೈಲ್ ಟಾರ್ಚು. ಅದನ್ನು ಬೀಸುತ್ತಿದ್ದವನ ಬಿಳಿ ಶರ್ಟು, ಅವನ ಹಿಂದೆ ಕತ್ತಲಲ್ಲಿ ಓರೆಯಾಗಿ ನಿಂತ ಒಂದು ಸಣ್ಣ ಗಾಡಿ. ಇಷ್ಟೇ ಕಂಡಿದ್ದು. ಎರಡು ಸೆಕೆಂಡೂ ಇರಲಿಕ್ಕಿಲ್ಲ. ಬ್ರೇಕಿನ ಮೇಲೆ ಕಾಲಿಟ್ಟೆ. ಆಮೇಲೆ ತೆಗೆದೆ. ನಿಲ್ಲಿಸಲಿಲ್ಲ.

ಆ ಎರಡು ಸೆಕೆಂಡಿನಲ್ಲಿ ತಲೆಗೆ ಬಂದದ್ದು ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಹಾಕಿದ್ದ ಆಡಿಯೋ. 'ಒಬ್ಬ ಕೈ ಬೀಸ್ತಾನೆ, ಮೂರು ಜನ ಪೊದೆಯಿಂದ ಬರ್ತಾರೆ, ದಯವಿಟ್ಟು ಎಲ್ಲರಿಗೂ ಫಾರ್ವರ್ಡ್ ಮಾಡಿ.' ಈ ರಸ್ತೆಯಲ್ಲಿ ದರೋಡೆ ನಡೆದ ಸುದ್ದಿ ಪೇಪರಿನಲ್ಲೂ ಬಂದಿತ್ತು, ಹಾಗಾಗಿ ಹೆದರಿಕೆ ಪೂರ್ತಿ ಸುಳ್ಳೇನಲ್ಲ. ಆದರೆ 1033 ಅನ್ನೋ ಹೆದ್ದಾರಿ ಸಹಾಯವಾಣಿ ಇದೆ, ನಂಬರ್ ಗೊತ್ತಿದೆ. ಕಿಟಕಿ ಇಳಿಸದೆ, ಡೋರ್ ಲಾಕ್ ತೆಗೆಯದೆ, ಮುಂದೆ ಹೋಗುತ್ತಲೇ ಒಂದು ಫೋನ್ ಮಾಡಬಹುದಿತ್ತು. ಅದು ನೆನಪಾಗಿದ್ದು ಚನ್ನಪಟ್ಟಣಕ್ಕೆ ಇಳಿಯುವ ಹೊತ್ತಿಗೆ. 'ಇಷ್ಟೊತ್ತಿಗೆ ಯಾರಾದ್ರೂ ಮಾಡಿರ್ತಾರೆ ಬಿಡು' ಅಂದುಕೊಂಡೆ.

ಮನೆಗೆ ಹೋದಾಗ ಅಪ್ಪ ಎದ್ದೇ ಇದ್ದರು. ಅವ್ವ ಮುದ್ದೆ ಬಡಿಸುವಾಗ ಕೇಳಿದರು, "ದಾರೀಲಿ ಎಲ್ಲೂ ನಿಲ್ಲಿಸ್ನಿಲ್ಲ ತಾನೆ? ನಿಲ್ಲಿಸ್ಬ್ಯಾಡ ಕಣಪ್ಪ. ಕಾಲ ಕೆಟ್ಟೋಗದೆ."

"ಇಲ್ಲಪ್ಪ, ನಿಲ್ಲಿಸ್ಲಿಲ್ಲ" ಅಂದೆ.

ನಮ್ಮದು ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರ ಹೋಬಳಿ. ಹಿಪ್ಪುನೇರಳೆ, ತೆಂಗು, ರಾಗಿ, ಈಗೀಗ ಮಾವು. ಅಪ್ಪ ನಲವತ್ತು ವರ್ಷ ರೇಷ್ಮೆ ಸಾಕಿದವರು. 'ಕಾಲ ಕೆಟ್ಟೋಯ್ತು' ಅನ್ನುವುದು ಅವರ ಬಾಯಲ್ಲಿ ಮಳೆ ಬಂತು, ಕರೆಂಟು ಹೋಯ್ತು ಅನ್ನುವಷ್ಟು ಸಲೀಸು. ಹಿಂದಿನ ಕಾಲ ಹೇಗಿತ್ತು ಅಂತ ಕೇಳಿದರೆ ಅವರು ಶುರು ಮಾಡುವುದು ರಾಮನಗರದ ಗೂಡಿನ ಮಾರ್ಕೆಟ್ಟಿನಿಂದ. ಗೂಡು ಬಿಡಿಸಿದ ಮೇಲೆ ಬಹಳ ದಿನ ಇಟ್ಟುಕೊಳ್ಳುವ ಹಾಗಿಲ್ಲ, ಒಳಗಿನ ಹುಳ ಚಿಟ್ಟೆಯಾಗಿ ಗೂಡು ಕೊರೆದರೆ ನೂಲು ಬರಲ್ಲ. ಹಾಗಾಗಿ ರಾತ್ರೋರಾತ್ರಿ ಮೂಟೆ ಕಟ್ಟಿ ಹೊರಡೋದು. ಪಕ್ಕದ ಲಾಟಿನವನು ಯಾವ ತಾಲ್ಲೂಕಿನವನೋ, ಹಿಂದೆ ನೋಡಿದ್ದಿಲ್ಲ, ಮುಂದೆ ನೋಡೋದಿಲ್ಲ. "ಒಸಿ ನೋಡ್ಕಳಣ್ಣ, ಟೀ ಕುಡ್ಕಂಡ್ ಬತ್ತೀನಿ" ಅಂತ ಹೇಳಿ, ಮೂರು ತಿಂಗಳ ಅನ್ನವನ್ನೇ ಅವನ ಮುಂದೆ ಬಿಟ್ಟು ಹೋಗೋದು. ಒಂದು ಗೂಡೂ ಆಚೀಚೆ ಆಗ್ತಿರಲಿಲ್ಲ ಅಂತಾರೆ ಅಪ್ಪ. ಆಮೇಲೆ ಬೇಸಿಗೆಯ ಅರವಟ್ಟಿಗೆ, ರಾಮನವಮಿಯ ಪಾನಕ, ದಾರಿಹೋಕರು ಮಲಗಿ ಹೋಗ್ತಿದ್ದ ನಮ್ಮ ಮನೆಯ ಜಗಲಿ. ಈ ಪಟ್ಟಿ ನನಗೆ ಬಾಯಿಪಾಠ.

ಇಷ್ಟು ಕಾಲ ನಾನು ಇದನ್ನೆಲ್ಲ ನಗುತ್ತಾ ಕೇಳಿದವನೇ. ಆ ಶುಕ್ರವಾರದ ಮೇಲೆ ಮಾತ್ರ ನಗು ಬರಲಿಲ್ಲ.

ಹನ್ನೆರಡು ದಿನಕ್ಕೆ, ಬುಧವಾರ ಬೆಳಗ್ಗೆ ಆರೂಮುಕ್ಕಾಲಿಗೆ ಗೊತ್ತಿಲ್ಲದ ನಂಬರಿನಿಂದ ಫೋನ್. "ಸರ್, ನಿಮ್ ತಂದೆಯವ್ರು ಟಿವಿಎಸ್‌ನಿಂದ ಬಿದ್ದವ್ರೆ. ಗಾಬ್ರಿ ಆಗ್ಬೇಡಿ, ಮಾತಾಡ್ತಾವ್ರೆ. ನಾನ್ ಚನ್ನಪಟ್ಟಣಕ್ಕೆ ಕರ್ಕೊಂಡೋಯ್ತಾ ಇವ್ನಿ. ನೀವ್ ಸೀದಾ ಆಸ್ಪತ್ರೆಗೇ ಬನ್ನಿ."

ಅಪ್ಪ ಡೈರಿಗೆ ಹಾಲು ಹಾಕಿ ಬರುವಾಗ, ಮಂಜಿನಲ್ಲಿ ನಾಯಿ ಅಡ್ಡ ಬಂದು ಬಿದ್ದಿದ್ದರು. ತಲೆಯಿಂದ ರಕ್ತ, ತೊಡೆಯ ಮೂಳೆ ಮುರಿತ. ಅವರೇ ಹೇಳುವ ಹಾಗೆ, ಮೊದಲು ಎರಡು ಬೈಕು ಹೋದವು. ಒಬ್ಬ ನಿಧಾನ ಮಾಡಿ ನೋಡಿ ಹೋದ. ಮೂರನೆಯದಾಗಿ ಬಂದದ್ದು ಮದ್ದೂರಿನ ಎಳನೀರು ಮಾರ್ಕೆಟ್ಟಿಗೆ ಹೊರಟಿದ್ದ ಗೂಡ್ಸ್ ಗಾಡಿ. ಡ್ರೈವರ್ ಇಳಿದು, ತನ್ನ ಟವೆಲ್ಲನ್ನೇ ತಲೆಗೆ ಕಟ್ಟಿ, ಮುಂದಿನ ಸೀಟಿನಲ್ಲಿ ಒರಗಿಸಿ ಕೂರಿಸಿಕೊಂಡು, ಗಾಡಿ ತಿರುಗಿಸಿದ. ಮೂಳೆ ಮುರಿದವರನ್ನು ಹಾಗೆ ಎತ್ತಬಾರದು, 108ಕ್ಕೆ ಫೋನ್ ಮಾಡಿ ಕಾಯಬೇಕಿತ್ತು ಅಂತ ಡಾಕ್ಟರು ಆಮೇಲೆ ಹೇಳಿದರು. ಇರಬಹುದು. ಮಂಜಿನಲ್ಲಿ, ಆ ತಿರುವಿನಲ್ಲಿ ಎಷ್ಟು ಹೊತ್ತು ಕಾಯಬೇಕಿತ್ತೋ.

ನಾನು ಆಸ್ಪತ್ರೆ ತಲುಪಿದಾಗ ಎಂಟೂಕಾಲು. ನಮ್ಮ ಚಿಕ್ಕಪ್ಪ ಅದಾಗಲೇ ಬಂದಿದ್ದರು. ಅವರು ಬರುವವರೆಗೂ ಡ್ರೈವರ್ ಇದ್ದನಂತೆ, ಮೆಡಿಕಲ್ ಸ್ಟೋರಿನಲ್ಲಿ ತನ್ನ ಫೋನ್‌ಪೇಯಿಂದ ದುಡ್ಡೂ ಕೊಟ್ಟಿದ್ದನಂತೆ. ಚಿಕ್ಕಪ್ಪ ಜೇಬಿಗೆ ಕೈ ಹಾಕುವುದರೊಳಗೆ "ಮಾರ್ಕೆಟ್ ತಪ್ಪೋಯ್ತದೆ" ಅಂತ ಹೊರಟೇ ಹೋದನಂತೆ.

ಆ ರಾತ್ರಿ ಅಪ್ಪನ ಮಂಚದ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮೊಬೈಲಿನಲ್ಲಿ ಏನೇನೋ ಓದುತ್ತಿದ್ದೆ. ನಿದ್ದೆ ಬರದವರು ಮಾಡುವ ಕೆಲಸ. 2016ರ ಫೆಬ್ರವರಿಯ ಸುದ್ದಿ ಮತ್ತೆ ಸಿಕ್ಕಿತು. ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕಿ ದೇಹ ಎರಡು ತುಂಡಾದ ಹುಡುಗ, ಸಾಯುವ ಮುಂಚೆ ತನ್ನ ಅಂಗಾಂಗ ದಾನ ಮಾಡಿ ಅಂತ ಕೇಳಿಕೊಂಡ. ಕಣ್ಣುಗಳನ್ನು ದಾನ ಮಾಡಲಾಯಿತು. ಅವನ ಹೆಸರಿನಲ್ಲೇ ಸರ್ಕಾರ ಆ ವರ್ಷ 'ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ' ತಂದಿತು. ಅಪಘಾತವಾದವರಿಗೆ ಮೊದಲ 48 ಗಂಟೆ, 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ. ಮರುವರ್ಷವೇ ಕೊಪ್ಪಳದಲ್ಲಿ ಸೈಕಲ್ಲಿನ ಹುಡುಗನೊಬ್ಬ ಬಸ್ಸಿಗೆ ಸಿಕ್ಕಿ ರಸ್ತೆಯಲ್ಲಿ ನರಳುವಾಗ ಸುತ್ತ ನಿಂತವರು ವಿಡಿಯೋ ಮಾಡಿದರು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪು ಶಾಲೆ ಮಕ್ಕಳಿಗೆ ಚಾಕಲೇಟ್ ಕೊಟ್ಟದ್ದಕ್ಕೆ ಮಕ್ಕಳ ಕಳ್ಳರು ಅಂತ ವಾಟ್ಸಾಪಿನಲ್ಲಿ ಹಬ್ಬಿ, ಜನ ಅವರಲ್ಲೊಬ್ಬ ಇಂಜಿನಿಯರನ್ನು ಹೊಡೆದೇ ಕೊಂದರು. ನಮ್ಮಜ್ಜಿ ಕಂಡ ಕಂಡ ಮಕ್ಕಳಿಗೆಲ್ಲ ಸೆರಗಿನ ಗಂಟಿನಿಂದ ಬೆಲ್ಲ ಕೊಡ್ತಿದ್ದಳು. ಈಗ ಬದುಕಿದ್ದರೆ ನಾನೇ ಬೈದು ನಿಲ್ಲಿಸುತ್ತಿದ್ದೆ.

1973ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಇಬ್ಬರು ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗವೂ ಕಣ್ಣಿಗೆ ಬಿತ್ತು. ಪಾದ್ರಿಯಾಗಲು ಓದುತ್ತಿದ್ದ ಹುಡುಗರು ಭಾಷಣ ಕೊಡಲು ಇನ್ನೊಂದು ಕಟ್ಟಡಕ್ಕೆ ಹೋಗಬೇಕು. ದಾರಿಯಲ್ಲಿ ಒಬ್ಬ ಕುಸಿದು ಕೂತಿರುತ್ತಾನೆ. ಕೆಲವರ ಭಾಷಣದ ವಿಷಯವೇ ದಾರಿಯಲ್ಲಿ ಬಿದ್ದವನಿಗೆ ನೆರವಾದ ಬೈಬಲ್ಲಿನ ಕತೆ. ಅದರಿಂದ ಹೆಚ್ಚಿನ ವ್ಯತ್ಯಾಸವೇನೂ ಆಗಲಿಲ್ಲ. ವ್ಯತ್ಯಾಸ ಮಾಡಿದ್ದು ಗಡಿಯಾರ. ಪುರುಸೊತ್ತಿದ್ದವರಲ್ಲಿ ನೂರಕ್ಕೆ 63 ಜನ ನಿಂತರು, 'ಆಗಲೇ ತಡವಾಯ್ತು, ಓಡು' ಅನ್ನಿಸಿಕೊಂಡವರಲ್ಲಿ ಬರೀ 10.

ಇದನ್ನು ಓದಿದಾಗ ನನಗೆ ಸ್ವಲ್ಪ ಸಮಾಧಾನವಾಯಿತು ಅಂತ ಹೇಳಲೇಬೇಕು. ತಪ್ಪು ನನ್ನದಲ್ಲ, ರಸ್ತೆಯದು! ಸುಳ್ಳೂ ಅಲ್ಲ. 2023ರ ಮಾರ್ಚ್ 12ಕ್ಕೆ ಉದ್ಘಾಟನೆಯಾದ ಈ ರಸ್ತೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು ಎಲ್ಲವನ್ನೂ ಪಕ್ಕಕ್ಕೆ ಸರಿಸಿ ಹೋಗುತ್ತದೆ. ಮುಂಚೆ ತಟ್ಟೆ ಇಡ್ಲಿಗೆ, ಗೊಂಬೆಗೆ, ವಡೆಗೆ ಅಂತ ನಿಲ್ಲುತ್ತಿದ್ದೆವು, ನಿಂತಾಗ ಯಾರೋ ವಿಳಾಸ ಕೇಳೋರು, ಯಾರೋ ಟೈರ್ ನೋಡಿ ಗಾಳಿ ಕಮ್ಮಿ ಇದೆ ಅನ್ನೋರು. ಈಗ ಮೈಸೂರಿನವರೆಗೂ ಒಬ್ಬರ ಮುಖ ನೋಡಬೇಕಾಗಿಲ್ಲ. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರಿಗೂ ಅಲ್ಲಿ ಜಾಗವಿಲ್ಲ. ನಿಲ್ಲುವುದೇ ಅಪಾಯ ಅನ್ನೋ ಹಾಗೆ ಕಟ್ಟಿದ ರಸ್ತೆ. ಅದೇ ನಮ್ಮೂರ ದಾರಿಯಲ್ಲಿ ಇವತ್ತಿಗೂ ಬಸ್‌ಸ್ಟಾಪಿನಲ್ಲಿ ನಿಂತು ಕೈ ಒಡ್ಡಿದರೆ, 'ಡ್ರಾಪ್ ಕೊಡಣ್ಣ' ಅಂದರೆ, ಮೂರರಲ್ಲಿ ಒಂದು ಬೈಕಾದರೂ ನಿಲ್ಲುತ್ತದೆ. ಹುಡುಗರು ಹಾಗೇ ಕಾಲೇಜಿಗೆ ಹೋಗ್ತಾರೆ.

ಆದರೆ ಫೋನ್ ಮಾಡದೇ ಇದ್ದದ್ದು ರಸ್ತೆಯಲ್ಲ, ನಾನು.

ಅಪ್ಪ ಮೂರನೇ ದಿನಕ್ಕೆ ಸ್ವಲ್ಪ ಚೇತರಿಸಿಕೊಂಡರು, ಅಂದರೆ ಮಾತು ಶುರುವಾಯಿತು. "ಅಂಥೋರು ಲಕ್ಷಕ್ಕೊಬ್ರು ಕಣ್ಲಾ. ಈಗ್ಲೂ ಹೇಳ್ತೀನಿ, ಕಾಲ ಕೆಟ್ಟದೆ." ಆಮೇಲೆ ತಾವೇ ಹೇಳಿದರು. ಗಾಡಿಯಲ್ಲಿ ಅಷ್ಟು ನೋವಿನಲ್ಲೂ ಅವನನ್ನು ಕೇಳಿದ್ದರಂತೆ, "ಯಾವೂರಪ್ಪ? ಯಾರ ಪೈಕಿ? ಯಾವ ಜನ?"

"ಅವ್ನು ಏನಂದ?"

"ಮದ್ದೂರ್ ಕಡೆ ಕಣಯ್ಯ, ತಲೆ ಅಲ್ಲಾಡಿಸ್ಬ್ಯಾಡಿ ಅಂದ. ಅಷ್ಟೆ."

ನಾನು ಏನೂ ಹೇಳಲಿಲ್ಲ. ಹೈಸ್ಕೂಲಿನಲ್ಲಿ ನನ್ನ ಜೊತೆ ಓದಿದ ಗೆಳೆಯ ನೆನಪಾದ. ನಮ್ಮೂರ ಕೇರಿಯವನು, ಈಗ ಬೆಂಗಳೂರಿನಲ್ಲೇ ಕೆಲಸ. ಒಮ್ಮೆ ಅಪ್ಪನ ಜಗಲಿ ಪುರಾಣವನ್ನು ನಾನು ಹೆಮ್ಮೆಯಿಂದ ಫೇಸ್‌ಬುಕ್ಕಿನಲ್ಲಿ ಬರೆದಿದ್ದೆ. ಇನ್ನೂರು ಚಿಲ್ಲರೆ ಲೈಕು. ಅವನು ಕಾಮೆಂಟು ಹಾಕಲಿಲ್ಲ, ಸಂಜೆ ಫೋನ್ ಮಾಡಿದ. "ಚೆನ್ನಾಗಿ ಬರ್ದಿದೀಯ ಮಗಾ. ನಿಮ್ ಜಗಲಿ ಮೇಲೆ ಊರೂರಿನೋರು ಮಲಗಿದ್ದು ನಿಜ. ನಮ್ಮಜ್ಜ ನಿಮ್ಮ ಗದ್ದೇಲಿ ಮೂವತ್ತು ವರ್ಷ ದುಡಿದ, ಒಂದು ಸಲ ಕೂತಿದ್ನಾ ಕೇಳು ನಿಮ್ಮಪ್ಪನ್ನ."

ಕೇಳಬೇಕಾಗಿರಲಿಲ್ಲ. ನನಗೆ ಏಳು ವರ್ಷವಿದ್ದಾಗ ಆ ಅಜ್ಜನಿಗೆ ನೀರು ಕೊಡು ಅಂತ ನಮ್ಮಜ್ಜಿ ನನ್ನ ಕೈಗೇ ಚೊಂಬು ಕೊಟ್ಟಿದ್ದಳು. ಅದೇ ಬೆಲ್ಲದ ಅಜ್ಜಿ. "ಮೇಲಿಂದ ಉಯ್ಯಿ, ತಾಗಿಸ್ಬ್ಯಾಡ." ಅವರು ಅಂಗಳದಲ್ಲಿ ಬಗ್ಗಿ, ಬೊಗಸೆಯನ್ನು ಬಾಯಿಗೆ ಹಿಡಿದು ಕುಡಿದರು. ನಾನು ಸಣ್ಣವನು, ಕೈ ನಡುಗಿ ನೀರು ಅವರ ಮುಖದ ಮೇಲೆಲ್ಲ ಬಿತ್ತು. ಅವರು ನಕ್ಕು "ಸಾಕು ಬುದ್ಧಿ" ಅಂದರು. ಅವರಿಗೆ ಆಗ ಅರವತ್ತರ ಮೇಲಿರಬೇಕು, ಏಳು ವರ್ಷದ ನಾನು 'ಬುದ್ಧಿ'. ಅಜ್ಜಿಯ ಮಟ್ಟಿಗೆ ಅದೂ ಕರುಣೆಯೇ. ಬಿಸಿಲಿನಲ್ಲಿ ದುಡಿದವರಿಗೆ ತಂಪು ನೀರು ಕೊಡಿಸಿದಳಲ್ಲ!

ಹಾಗಾಗಿ ಯಾರಾದರೂ 'ಮೊದಲು ಜನ ಎಷ್ಟು ಒಳ್ಳೆಯವರಿದ್ರು' ಅಂದಾಗ, ಯಾರಿಗೆ ಅಂತ ಕೇಳಬೇಕು ಅನ್ನಿಸುತ್ತದೆ. ಗೂಡಿನ ಮಾರ್ಕೆಟ್ಟಿನ ನಂಬಿಕೆ ಸುಳ್ಳಲ್ಲ. ಹೊಲದ ಮುಯ್ಯಾಳಿನ ಲೆಕ್ಕವೂ ಸುಳ್ಳಲ್ಲ: ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಅದೆಲ್ಲ ಯಾವೂರು, ಯಾರ ಪೈಕಿ ಅಂತ ತಿಳಿದ ಮೇಲೆ ತೆರೆಯುವ ಬಾಗಿಲು. ಎಳನೀರಿನವನು ಅಪ್ಪನನ್ನು ಏನೂ ಕೇಳಿರಲಿಲ್ಲ. ಕೇಳಿದ್ದು ಒಂದೇ, ಮಗನ ನಂಬರ್.

ಇಷ್ಟರಲ್ಲಿ ನಾನು ಅವನಿಗೆ ಎರಡು ಸಾವಿರ ರೂಪಾಯಿ ಕಳಿಸಿದ್ದೆ. ಹತ್ತು ನಿಮಿಷಕ್ಕೆ 1,360 ವಾಪಸ್ ಬಂತು. ಔಷಧಿ, ಬ್ಯಾಂಡೇಜು ಸೇರಿ ಅವನು ಖರ್ಚು ಮಾಡಿದ್ದು 640. ಟವೆಲ್ಲಿನ ಲೆಕ್ಕ ಹಿಡಿದಿರಲಿಲ್ಲ. ಫೋನ್ ಮಾಡಿದೆ. ಹಿಂದೆ ಮಾರ್ಕೆಟ್ಟಿನ ಗದ್ದಲ, ಯಾರೋ ಕಾಯಿ ಎಣಿಸುತ್ತಿದ್ದರು.

"ತಂದೆಯವ್ರು ಹೆಂಗವ್ರೆ ಸರ್?"

"ಆಪರೇಷನ್ ಆಯ್ತು, ಪರವಾಗಿಲ್ಲ. ಅವತ್ತು ನಿಮ್ಗೆ ಮಾರ್ಕೆಟ್ ತಪ್ಪಿತ್ತಲ್ವಾ?"

"ಒಸಿ ರೇಟ್ ಬಿದ್ದೋಗಿತ್ತು. ಹೋಗ್ಲಿ ಬಿಡಿ." ಸ್ವಲ್ಪ ತಡೆದು ಕೇಳಿದ, "ಸರ್, ಪೊಲೀಸ್ನೋರು ಏನಾದ್ರೂ ಫೋನ್ ಮಾಡ್ತಾರಾ? ನಾನೇ ಗುದ್ದಿದ್ದು ಅಂತ ಬರ್ಕೊಂಡ್ರೆ ಅಂತ ನಮ್ಮನೇವ್ಳು ಹೆದರ್ಕೊಂಡವ್ಳೆ."

ಆಗಲೇ ನನಗೆ ಗೊತ್ತಾಗಿದ್ದು, ಅವನಿಗೂ ನನ್ನಷ್ಟೇ ಹೆದರಿಕೆ ಇತ್ತು ಅಂತ. ಓದಿಕೊಂಡಿದ್ದೆನಲ್ಲ, ಹೇಳಿದೆ. 2016ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಅಂತ ಕಲಂ ಸೇರಿಸಿದ್ದಾರೆ, ಆಸ್ಪತ್ರೆಗೆ ಸೇರಿಸಿದವರು ಹೆಸರು, ವಿಳಾಸ ಕೊಡಲೇಬೇಕು ಅಂತ ಯಾರೂ ಬಲವಂತ ಮಾಡುವ ಹಾಗಿಲ್ಲ, ಅವರ ಮೇಲೆ ಕೇಸೂ ಹಾಕುವ ಹಾಗಿಲ್ಲ. ಅವನು "ಹೌದಾ? ಹಂಗೂ ಅದಾ?" ಅಂದ. ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ.

"ಆದ್ರೂ ನಿಲ್ಲಿಸಿದ್ರಲ್ಲ ನೀವು" ಅಂದೆ. "ಎಷ್ಟೋ ಜನ ನಿಲ್ಲಿಸಲ್ಲ."

"ಅಯ್ಯೋ, ಅದೇನ್ ದೊಡ್ಡದು ಬಿಡಿ ಸರ್. ಮುದುಕ್ರು ರಸ್ತೇಲಿ ಬಿದ್ದವ್ರೆ. ನೀವೇ ಆಗಿದ್ರೂ ನಿಲ್ಲಿಸ್ತಿರ್ಲಿಲ್ವಾ?"

ಹಿಂದೆ ಕಾಯಿ ಎಣಿಸುವವನು ನೂರ ಹನ್ನೆರಡು, ನೂರ ಹದಿನಾಲ್ಕು ಅನ್ನುತ್ತಿದ್ದ.

"ಹೌದೌದು" ಅಂದೆ.

"ಅಷ್ಟೇ ಸರ್. ಇಡ್ತೀನಿ, ಲೋಡ್ ಇಳಿಸ್ಬೇಕು" ಅಂದ.