ಕತ್ತೆಯ ಮಗನೂ ಸಿಡಿಲಿನ ಮಕ್ಕಳೂ

ಯೇಸು ಜೆರೂಸಲೇಮಿಗೆ ಬಂದದ್ದು ಕತ್ತೆಯ ಮಗನ ಮೇಲೆ ಕುಳಿತು. ಹೀಗೆಂದರೆ ಯಾರಾದರೂ ಕಣ್ಣು ಕೆಂಪಗೆ ಮಾಡಿಯಾರು. ನಮ್ಮಲ್ಲಿ ‘ಕತ್ತೆ ಮಗ’ ಎಂಬುದು ಸಿಟ್ಟೋ ಸಲಿಗೆಯೋ ಮಿತಿಮೀರಿದಾಗ ಮಾತ್ರ ಬಾಯಿಗೆ ಬರುವ ಮಾತು. ಆದರೆ ಮತ್ತಾಯನ ಸುವಾರ್ತೆಯ 21ನೆಯ ಅಧ್ಯಾಯದ ಗ್ರೀಕ್ ಮೂಲ ಆ ಮರಿಗತ್ತೆಯನ್ನು ನೊಗ ಹೊರುವ ಪ್ರಾಣಿಯ ‘ಹುಯಿಯೊಸ್’ ಎಂದೇ ಕರೆಯುತ್ತದೆ. ಹುಯಿಯೊಸ್ ಅಂದರೆ ಮಗ. ದೇವಕುಮಾರ ಎನ್ನುವಲ್ಲಿ ಇರುವುದೂ ಇದೇ ಪದ. ಮೇಲೆ ಕೂತವನಿಗೂ ಕೆಳಗೆ ಹೊತ್ತವನಿಗೂ ಒಂದೇ ಪದ ಸಾಕಾಯಿತು!

ಈ ಹುಯಿಯೊಸ್ ನಮಗೆ ತೀರಾ ಅಪರಿಚಿತನೇನಲ್ಲ. ಸಂಸ್ಕೃತದ ‘ಸೂನು’ ಅವನ ದಾಯಾದಿ. ಪದದ ಮೊದಲ ಸಕಾರ ಗ್ರೀಕರ ನಾಲಗೆಯಲ್ಲಿ ಹಕಾರವಾಗುತ್ತದೆ. ನಮ್ಮ ‘ಸಪ್ತ’ ಅಲ್ಲಿ ‘ಹೆಪ್ಟ’. ಹುಯಿಯೊಸ್, ಸೂನು ಎರಡರ ಬೇರೂ ಹೆರುವುದು ಎಂಬ ಅರ್ಥದ್ದು, ‘ಪ್ರಸೂತಿ’ಯಲ್ಲಿ ಇರುವಂಥದ್ದೇ. ಹೀಗೆ ಹೆರಿಗೆಮನೆಯಲ್ಲಿ ಕಣ್ಣುಬಿಟ್ಟ ಪದ ಬೈಬಲ್ಲಿನ ತುಂಬ ಹೆರಿಗೆಯ ನೆನಪೇ ಇಲ್ಲದೆ ಅಡ್ಡಾಡಿಕೊಂಡಿರುತ್ತದೆ.

ಅದನ್ನು ಹೀಗೆ ಅಡ್ಡಾಡಲು ಬಿಟ್ಟದ್ದು ಹೀಬ್ರೂ ಭಾಷೆ. ಹೀಬ್ರೂವಿನ ‘ಬೆನ್’ ಅಂದರೂ ಮಗನೇ. ಆದರೆ ಆ ಭಾಷೆಯಲ್ಲಿ ಬಾಣ ಬಿಲ್ಲಿನ ಮಗ. ಪ್ರವಾದಿ ಯೋನನ ತಲೆಗೆ ನೆರಳು ಕೊಟ್ಟು ಮರುದಿನವೇ ಒಣಗಿದ ಗಿಡ ರಾತ್ರಿಯ ಮಗ. ಇಸಾಕ ಹುಟ್ಟಿದಾಗ ಅವನಪ್ಪ ಅಬ್ರಹಾಮ ನೂರು ವರ್ಷಗಳ ಮಗ. ಕ್ರಿಸ್ತಪೂರ್ವ 3ನೆಯ ಶತಮಾನದಿಂದಾಚೆಗೆ ಹೀಬ್ರೂ ಧರ್ಮಗ್ರಂಥಗಳನ್ನು ಗ್ರೀಕಿಗೆ ತಂದ ಯೆಹೂದಿ ಪಂಡಿತರು ಇಂಥ ಮಕ್ಕಳನ್ನು ಕೆಲವೆಡೆ ಕೈಬಿಟ್ಟರು, ಕೆಲವೆಡೆ ಉಳಿಸಿಕೊಂಡರು. ಅಬ್ರಹಾಮ ಬರೀ ನೂರು ವರ್ಷದವನಾದ. ‘ಪ್ರವಾದಿಗಳ ಮಕ್ಕಳು’ ಮಾತ್ರ ಹಾಗೆಯೇ ಉಳಿದರು. ಅವರು ಪ್ರವಾದಿಗಳಿಗೆ ಹುಟ್ಟಿದವರಲ್ಲ, ಪ್ರವಾದಿಗಳ ಕೂಟಕ್ಕೆ ಸೇರಿದವರು. ಇದೆಲ್ಲ ಗ್ರೀಕಿಗೆ ಮೆತ್ತಿದ ಹೀಬ್ರೂ ಬಣ್ಣ ಎಂದು ವಿದ್ವಾಂಸರು ಹೇಳುತ್ತಿದ್ದಾಗ ಜರ್ಮನಿಯ ಅಡಾಲ್ಫ್ ಡೈಸ್‌ಮನ್ 1895ರಲ್ಲಿ ಶಾಸನಗಳನ್ನು ತೆಗೆದು ಮುಂದಿಟ್ಟ. ಗ್ರೀಕ್ ಪಟ್ಟಣಗಳೂ ತಮಗೆ ಉಪಕಾರ ಮಾಡಿದ ದೊಡ್ಡವರಿಗೆ ‘ಊರ ಮಗ’, ‘ಜನರ ಮಗ’ ಎಂಬ ಬಿರುದು ಕೊಡುತ್ತಿದ್ದವಂತೆ. ಹೋಮರನಂತೂ ತನ್ನ ಕಾವ್ಯದ ಗ್ರೀಕರಾದ ಅಖಾಯರನ್ನು ಅಖಾಯರ ಮಕ್ಕಳೆಂದೇ ಕರೆದವನು. ನನ್ನನ್ನು ಕೇಳಿದರೆ, ಇದನ್ನು ಕನ್ನಡಿಗರಿಗೆ ರುಜುವಾತು ಮಾಡಲು ಶಾಸನವೇ ಬೇಡ. ಒಕ್ಕಲುಮಗನ ಅಪ್ಪ ಯಾರೆಂದು ನಾವು ಕೇಳುವುದಿಲ್ಲ, ‘ಯಾರೋ ಹೆಣ್ಣುಮಗಳು ಬಂದಿದ್ದಾಳೆ’ ಎಂದಾಗ ಯಾರ ಮಗಳು ಎಂದು ಹುಡುಕಿಕೊಂಡು ಹೋಗುವುದೂ ಇಲ್ಲ. ಮಗ ಎಂದರೆ ಆ ಪೈಕಿಯವನು, ಆ ಗುಣದವನು, ಅಷ್ಟೆ.

ಹೊಸ ಒಡಂಬಡಿಕೆಯಲ್ಲಿ ಈ ಮಾತಿನ ಸೊಗಸಿರುವುದು ಅಡ್ಡಹೆಸರುಗಳಲ್ಲಿ. ಮೀನುಗಾರ ಜೆಬೆದಾಯನ ಮಕ್ಕಳು ಯಾಕೋಬ, ಯೋಹಾನ ಇಬ್ಬರೂ ಮುಂಗೋಪಿಗಳು. ತಮ್ಮನ್ನು ಬರಮಾಡಿಕೊಳ್ಳದ ಹಳ್ಳಿಯ ಮೇಲೆ ಆಕಾಶದಿಂದ ಬೆಂಕಿ ಸುರಿಸೋಣವೇ ಎಂದು ಕೇಳಿದವರು. ಯೇಸು ಅವರಿಗೆ ‘ಬೊವನೆರ್ಗೆಸ್’ ಎಂದು ಹೆಸರಿಟ್ಟ. ಗುಡುಗಿನ ಮಕ್ಕಳು ಎಂದು ಸುವಾರ್ತೆ ಬರೆದ ಮಾರ್ಕನೇ ಅರ್ಥ ಹೇಳುತ್ತಾನೆ. ಸಿಡಿಲಮರಿ ಎಂಬ ಮಾತು ಇಟ್ಟುಕೊಂಡಿರುವ ನಮಗೆ ಟಿಪ್ಪಣಿಯ ಹಂಗೇಕೆ? ಇನ್ನೊಬ್ಬ, ಸೈಪ್ರಸ್ ದ್ವೀಪದ ಯೋಸೇಫ. ಹೊಲ ಮಾರಿ ಬಂದ ಹಣವನ್ನು ಅಪೊಸ್ತಲರ ಪಾದದ ಬಳಿ ಇಟ್ಟ ಈ ಸಜ್ಜನನಿಗೆ ಬಿದ್ದ ಹೆಸರು ಬಾರ್ನಬ. ಅದಕ್ಕೆ ಕೊಟ್ಟ ಅರ್ಥ, ಸಾಂತ್ವನದ ಮಗ. ಮುಂದೆ ಇದೇ ಬಾರ್ನಬನ ಜೊತೆ ಅಪೊಸ್ತಲ ಪೌಲ ಸೈಪ್ರಸ್ಸಿನ ಪಾಫೋಸಿಗೆ ಹೋದಾಗ ಅಲ್ಲಿನ ಅಧಿಪತಿಯ ಬಳಿ ಬಾರ್‌ಯೇಸು ಎಂಬ ಮಂತ್ರವಾದಿ ಎದುರಾಗುತ್ತಾನೆ. ಅರಾಮಿಕ್‌ನಲ್ಲಿ ‘ಬಾರ್’ ಎಂದರೆ ಮಗ. ಇವನು ಯೇಸುವಿನ ಮಗ ಎಂಬ ಹೆಸರಿನವನು. (ಯೇಸು ಆಗ ಮನೆಮನೆಯಲ್ಲೂ ಇಡುತ್ತಿದ್ದ ಹೆಸರು.) ಪೌಲ ಅವನನ್ನು ದಿಟ್ಟಿಸಿ ಸೈತಾನನ ಮಗನೇ ಎಂದು ಬೈಯುತ್ತಾನೆ. ಪಕ್ಕದಲ್ಲಿ ನಿಂತಿದ್ದವನು ಸಾಂತ್ವನದ ಮಗ! ಈ ಪ್ರಸಂಗ ಓದುವಾಗಲೆಲ್ಲ ನನಗೆ ನಗು ಬರುತ್ತದೆ. ಬರೆದ ಲೂಕನೂ ಒಳಗೊಳಗೇ ನಕ್ಕಿರಬೇಕು.

ಮದುವೆಗೆ ಬಂದ ನೆಂಟರು ‘ಮದುವೆಮನೆಯ ಮಕ್ಕಳು’. ಒಳ್ಳೆಯ ಮನೆ ಸಿಕ್ಕರೆ ಅಲ್ಲಿರುವವನು ‘ಸಮಾಧಾನದ ಮಗ’. ಇವರನ್ನೆಲ್ಲ ವಿಚಾರಿಸುತ್ತ ಕೂತರೆ ಹೊತ್ತು ಹೋಗುತ್ತದೆ.

ಪದಕ್ಕೆ ಬಿಗುವು ಬರುವುದು ರೋಮಿನ ಗಾಳಿ ಬೀಸಿದಾಗ. ಜೂಲಿಯಸ್ ಸೀಸರನನ್ನು ಅವನ ಮರಣಾನಂತರ ದೇವರೆಂದು ಸಾರಿದರು. ಅವನ ಉಯಿಲಿನಿಂದ ದತ್ತಕನಾದ ಆಗಸ್ಟಸ್ ಗ್ರೀಕ್ ಶಾಸನಗಳಲ್ಲಿ ‘ಥೆಯೂ ಹುಯಿಯೊಸ್’, ದೇವರ ಮಗ, ಎನಿಸಿಕೊಂಡ. ಅವನು ದತ್ತು ತೆಗೆದುಕೊಂಡ ತಿಬೇರಿಯಸ್‌ನ ನಾಣ್ಯದ ಮೇಲೂ ಲ್ಯಾಟಿನ್‌ನಲ್ಲಿ ಇಂಥದ್ದೇ ಒಕ್ಕಣೆ. ಹೀಗಿರುವಾಗ ಅದೇ ತಿಬೇರಿಯಸ್‌ನ ಸಂಬಳ ತಿನ್ನುವ ಶತಾಧಿಪತಿಯೊಬ್ಬ ಶಿಲುಬೆಯ ಮೇಲೆ ಸತ್ತವನನ್ನು ನೋಡಿ ನಿಜವಾಗಿ ಇವನು ದೇವರ ಮಗನಾಗಿದ್ದ ಅನ್ನುತ್ತಾನೆಂದರೆ, ಮಾರ್ಕನ ಮೊದಲ ಓದುಗರು ಬೆಚ್ಚಿರಬೇಕು. ಶತಾಧಿಪತಿ ಹೇಳಿದ್ದು ದೇವರ ಒಬ್ಬ ಮಗ ಎಂದೋ, ಆ ಏಕೈಕ ಮಗ ಎಂದೋ? ಗ್ರೀಕ್ ವಾಕ್ಯ ಬಾಯಿಬಿಡುವುದಿಲ್ಲ. ಇಂಗ್ಲಿಷ್ ಅನುವಾದಕರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು. ಕನ್ನಡದವರಿಗೆ ಆ ಕಷ್ಟವಿಲ್ಲ. ‘ದೇವರ ಮಗ’ ಎಂದು ಬರೆದು ಸುಮ್ಮನಿರಬಹುದು. ಲೂಕನಂತೂ ತಂಟೆಯೇ ಬೇಡವೆಂದು ಅವನ ಬಾಯಲ್ಲಿ ‘ನೀತಿವಂತ’ ಎಂದಷ್ಟೇ ಹೇಳಿಸಿದ್ದಾನೆ.

ಪೌಲನಿಗೆ ಹಿಡಿಸಿದ್ದು ದತ್ತಕದ ಮಾತು: ‘ಹುಯಿಯೊಥೆಸಿಯ’, ಮಗನಾಗಿ ಇರಿಸಿಕೊಳ್ಳುವುದು. ರೋಮಿನಲ್ಲಿ ದತ್ತಕನೆಂದರೆ ತೊಟ್ಟಿಲ ಕೂಸೇ ಆಗಬೇಕಿರಲಿಲ್ಲ. ಬೆಳೆದು ನಿಂತ ಗಂಡಸರನ್ನೂ ಮನೆತನ ಮತ್ತು ಆಸ್ತಿಯ ವಾರಸಿಕೆಗಾಗಿ ದತ್ತು ತೆಗೆದುಕೊಳ್ಳುತ್ತಿದ್ದರು. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲ ನೀವೆಲ್ಲರೂ ಮಕ್ಕಳು ಅನ್ನುತ್ತಾನೆ. ಅಲ್ಲಿರುವುದು ಗಂಡುಮಕ್ಕಳನ್ನೇ ಹೇಳುವ ಹುಯಿಯೊಸ್‌ನ ಬಹುವಚನ. ಮರುಗಳಿಗೆಯೇ ಗಂಡು ಹೆಣ್ಣೆಂಬ ಭೇದವಿಲ್ಲ ಅನ್ನುತ್ತಾನೆ. ಮುಂದುವರಿದು, ಮಗನಾದರೆ ವಾರಸುದಾರನೂ ಹೌದು ಎಂದು ಹಕ್ಕುಪತ್ರಕ್ಕೆ ಮೊಹರು ಒತ್ತುತ್ತಾನೆ. ಹೆಂಗಸರಿಗೆ ನೋವಾಗದಿರಲೆಂದು ಈಗಿನ ಹಲವು ಅನುವಾದಗಳು ಇಲ್ಲಿ ಗಂಡು ಹೆಣ್ಣು ಎರಡಕ್ಕೂ ಸಲ್ಲುವ ಪದ ಹಾಕುತ್ತವೆ. ಉದ್ದೇಶ ಒಳ್ಳೆಯದೇ. ಆದರೆ ಗಲಾತ್ಯದ ದಾಸಿಯೊಬ್ಬಳು ಆ ಪತ್ರ ಓದುವುದನ್ನು ಕೇಳಿ ‘ನಾನೂ ಮಗ, ನನಗೂ ಪಾಲುಂಟು’ ಎಂದುಕೊಳ್ಳಬಹುದಾಗಿತ್ತಲ್ಲ, ಆ ಹಕ್ಕಿನ ಖದರು ಇಲ್ಲಿ ಸೋರಿಹೋಗುತ್ತದೆ.

‘ಮನುಷ್ಯಕುಮಾರ’ನ ತಗಾದೆ ಇದಕ್ಕಿಂತ ಹಳೆಯದು. ಪ್ರವಾದಿ ಯೆಹೆಜ್ಕೇಲನನ್ನು ದೇವರು ತೊಂಬತ್ತಕ್ಕೂ ಹೆಚ್ಚು ಸಲ ಮನುಷ್ಯನ ಮಗನೇ ಎಂದು ಕೂಗುತ್ತಾನೆ, ‘ಎಲೋ ಹುಲುಮಾನವ’ ಎಂಬ ಧಾಟಿಯಲ್ಲಿ. ದಾನಿಯೇಲನ ದರ್ಶನದಲ್ಲಿ ಅದೇ ಮನುಷ್ಯನ ಮಗನಂಥವನು ಮೋಡಗಳೊಡನೆ ಬಂದು ಶಾಶ್ವತ ರಾಜ್ಯ ಪಡೆಯುತ್ತಾನೆ. ಯೇಸು ತನ್ನನ್ನು ಹಾಗೆ ಕರೆದುಕೊಂಡಾಗ ಇವೆರಡರಲ್ಲಿ ಯಾವುದು ಎಂದು ಪಂಡಿತರು ಇನ್ನೂ ಜಗಳವಾಡುತ್ತಿದ್ದಾರೆ. ಎರಡೂ ಇರಲಿ ಎಂದೇ ಅವನು ಆ ಮಾತನ್ನು ಆರಿಸಿಕೊಂಡನೆಂದು ನನ್ನ ಗುಮಾನಿ.

ಲಿಪಿಕಾರರು ಹುಯಿಯೊಸ್ ಪದವನ್ನು ಪೂಜ್ಯವೆಂದು ಎಣಿಸಿ, ಪೂರ್ತಿ ಬರೆಯದೆ ಎರಡೇ ಅಕ್ಷರಕ್ಕೆ ಇಳಿಸಿ ನೆತ್ತಿಯ ಮೇಲೊಂದು ಗೆರೆ ಎಳೆಯುತ್ತಿದ್ದುದುಂಟು. ಅದರಿಂದ ಪೇಚೂ ಆಗಿದೆ. ಸಿನಾಯ್ ಬೆಟ್ಟದ ಬುಡದ ಮಠದಲ್ಲಿ ದೊರೆತ 4ನೆಯ ಶತಮಾನದ ಹಸ್ತಪ್ರತಿಯಲ್ಲಿ ಮಾರ್ಕನ ಮೊದಲ ಸಾಲಿನ ‘ದೇವರ ಮಗ’ ಇಲ್ಲ. ತಿದ್ದಿದವನೊಬ್ಬ ಆಮೇಲೆ ಸೇರಿಸಿದ್ದಾನೆ. ಮೂಲದಲ್ಲೇ ಇರಲಿಲ್ಲವೆಂದು ಕೆಲವರ ವಾದ. ಆ ಸಾಲಿನಲ್ಲಿ ಒಂದರ ಹಿಂದೊಂದು ಆರು ಪದಗಳು ‘ಊ’ ಎಂದೇ ಮುಗಿಯುತ್ತವೆ, ಚೋಟುದ್ದದ ಸಂಕ್ಷೇಪಗಳ ನಡುವೆ ಕಣ್ಣು ಜಾರಿತು ಎಂದು ಉಳಿದವರು. ಗ್ರಂಥದ ಮೊದಲ ಸಾಲಿನಲ್ಲೇ ಯಾರಿಗಪ್ಪಾ ತೂಕಡಿಕೆ ಬರುತ್ತದೆ ಎಂದು ಎದುರು ಪಕ್ಷ ಕೇಳುತ್ತದೆ. ಆಗಷ್ಟೇ ಮತ್ತಾಯನ ಸುವಾರ್ತೆಯನ್ನು ಇಡಿಯಾಗಿ ನಕಲು ಮಾಡಿ ಮುಗಿಸಿದವನಿಗೆ ಬರುತ್ತದೆ ಎಂಬುದು ನನ್ನ ಜವಾಬು.