ಅವಯವದಾನವೂ ಅಕ್ಷರದಾನವೂ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿರುವ ಕ್ರಿ.ಶ. 1162ರ ಶಾಸನವು ಅಲ್ಲಿನ ಕೋಡಿಯ ಮಠವನ್ನು ವರ್ಣಿಸುವಾಗ, ಅದು ವಿದ್ಯೆಗೆ ನೆಲೆಯಾಗಿದ್ದಂತೆಯೇ ದೀನರಿಗೆ ಅನ್ನದ ನೆಲೆಯೂ ಅನಾಥ ರೋಗಿಗಳಿಗೆ ಚಿಕಿತ್ಸೆಯ ನೆಲೆಯೂ ಆಗಿತ್ತೆಂದು ಸಾರುತ್ತದೆ. ಆದರೆ ಅಲ್ಲಿ ಯಾವ ಮದ್ದು ಯಾರಿಗೆ ಫಲಿಸಿತು, ಯಾರಿಗೆ ಫಲಿಸಲಿಲ್ಲವೆಂಬುದನ್ನು ಆ ಶಿಲೆ ಹೇಳುವುದಿಲ್ಲ. ದಾನದ ಕೀರ್ತಿ ಉಳಿಯಿತು. ಚಿಕಿತ್ಸೆಯ ಅನುಭವ ಅಳಿಯಿತು.

ಅನುಭವವನ್ನು ಬರೆದಿಟ್ಟರೆ ಏನು ಸಾಧ್ಯವೆಂಬುದಕ್ಕೆ ನೆರೆಯ ಸೊರಬ ತಾಲ್ಲೂಕೇ ನಿದರ್ಶನ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಣ ಹಳ್ಳಿಗಳ ಜನ ಜ್ವರದಿಂದ ಹಾಸಿಗೆ ಹಿಡಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದ ತಜ್ಞರು ಬಂದು ರೋಗಿಗಳ ವಿವರಗಳನ್ನು ಕಲೆಹಾಕಿದರು. ಆ ವಿವರಗಳೂ ಪ್ರಯೋಗಾಲಯದ ಪರೀಕ್ಷೆಗಳೂ ಕೂಡಿದಾಗ ಹೊಸದೊಂದು ವೈರಸ್ಸೂ ಅದನ್ನು ಹರಡುವ ಕಾಡಿನ ಉಣುಗೂ ಬೆಳಕಿಗೆ ಬಂದವು.

ಅಂಗಾಂಗ ಕಸಿಯ ಕ್ಷೇತ್ರದಲ್ಲಿ ಇಂತಹ ದಾಖಲೆಯ ಅಗತ್ಯ ಇನ್ನೂ ಹಿರಿದು. 1954ರಲ್ಲಿ ಬಾಸ್ಟನ್ನಿನಲ್ಲಿ ಅವಳಿ ಸೋದರರ ನಡುವೆ ಮೂತ್ರಪಿಂಡದ ಕಸಿ ಸಫಲವಾಯಿತು. 1971ರಲ್ಲಿ ವೆಲ್ಲೂರಿನಲ್ಲಿಯೂ ಆಯಿತು. ಆದರೆ ಒಂದು ಆಸ್ಪತ್ರೆಯ ಕೆಲವೇ ರೋಗಿಗಳಿಂದ ಸಾಮಾನ್ಯ ನಿಯಮ ಹೊರಡದು. ಅಮೆರಿಕೆಯ ಪಾಲ್ ತೆರಸಾಕಿ ಮತ್ತು ಸಂಗಡಿಗರು ಆ ದೇಶದ ಅನೇಕ ಆಸ್ಪತ್ರೆಗಳ ದಾಖಲೆಯನ್ನು ಒಟ್ಟಾಗಿ ಶೋಧಿಸಿ 1995ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು. ಪತಿಪತ್ನಿಯರಲ್ಲಿ ರಕ್ತಸಂಬಂಧವಿಲ್ಲ, ಅಂಗಾಂಶಗಳ ಹೊಂದಿಕೆಯೂ ಅಲ್ಪ. ಆದರೂ ಒಬ್ಬರು ಮತ್ತೊಬ್ಬರಿಗೆ ಇತ್ತ ಮೂತ್ರಪಿಂಡಗಳಲ್ಲಿ ನೂರಕ್ಕೆ 85 ಮೂರು ವರ್ಷಗಳ ಬಳಿಕವೂ ಕೆಲಸಮಾಡುತ್ತಿದ್ದವು. ತಂದೆತಾಯಿಯರು ಇತ್ತವುಗಳಲ್ಲಿ ಇದು 82, ಮೃತರಿಂದ ಪಡೆದವುಗಳಲ್ಲಿ 70. ಜೀವಂತ ದಾನಿಯ ಅವಯವವು ಘಾಸಿಗೊಳ್ಳದೆ ಬರುವುದೇ ಇದಕ್ಕೆ ಮುಖ್ಯ ಕಾರಣವೆಂದು ಅವರು ಕಂಡರು. ಪತಿಗೆ ಮೂತ್ರಪಿಂಡ ಕೊಡಲು ಮುಂದಾಗುವ ಹಳ್ಳಿಯ ಗೃಹಿಣಿಗೆ ಈ ಲೆಕ್ಕವು ಕೊಡುವ ಧೈರ್ಯ ಸಣ್ಣದಲ್ಲ.

ಭಾರತದಲ್ಲಿ 1994ರ ಕಾಯಿದೆಯು ಪತಿಪತ್ನಿಯರನ್ನು ದಾನಕ್ಕೆ ಅರ್ಹರಾದ ಸಮೀಪ ಬಂಧುಗಳಲ್ಲಿ ಸೇರಿಸಿದೆ. 2011ರ ತಿದ್ದುಪಡಿಯು ದಾನಿಗಳ ಹಾಗೂ ಗ್ರಾಹಿಗಳ ರಾಷ್ಟ್ರೀಯ ದಾಖಲೆಗೆ ಅವಕಾಶ ಕಲ್ಪಿಸಿದೆ. ಕರ್ನಾಟಕದಲ್ಲಿ ಮೃತರ ಅವಯವಗಳ ಹಂಚಿಕೆಯನ್ನು 'ಜೀವಸಾರ್ಥಕತೆ' ಸಂಸ್ಥೆಯು ನಿರ್ವಹಿಸುತ್ತದೆ.

ಆದರೆ ದಾಖಲೆಯ ಪರೀಕ್ಷೆ ನಡೆಯುವುದು ಶಸ್ತ್ರಚಿಕಿತ್ಸೆಯ ದಿನವಲ್ಲ. ರೋಗಿ ಊರಿಗೆ ಮರಳಿದ ಮೇಲೆ. ದೇಹವು ಪರಕೀಯ ಅವಯವವನ್ನು ತಿರಸ್ಕರಿಸದಂತೆ ಆತನು ಆಜೀವ ಔಷಧ ಸೇವಿಸಬೇಕು, ಆಗಾಗ ತಪಾಸಣೆಗೆ ಹೋಗಬೇಕು. ಸೊರಬದ ಒಳಹಳ್ಳಿಯಿಂದ ಬೆಂಗಳೂರಿಗೆ ಹೋಗಿಬರುವ ಖರ್ಚು, ಕೆಲಸ ಬಿಟ್ಟ ದಿನಗಳ ಕೂಲಿ, ಔಷಧದ ಬೆಲೆ ಇವೆಲ್ಲ ಸೇರಿ ಬಡವನು ಹೋಗುವುದನ್ನೇ ನಿಲ್ಲಿಸಿದರೆ ಅವನ ಹೆಸರಿನ ಮುಂದಿನ ಸಾಲು ಬರಿದಾಗುತ್ತದೆ. ಬದುಕಿದನೋ ಅಳಿದನೋ, ಔಷಧ ಕೊಳ್ಳಲಾರದೆ ಬಿಟ್ಟನೋ ಸಂಶೋಧಕನಿಗೆ ತಿಳಿಯದು. ಆಗ ಆ ದಾಖಲೆ ಪೇಟೆಯ ಅನುಕೂಲಸ್ಥರ ಚರಿತ್ರೆಯಾಗುತ್ತದೆ. ಅದರಿಂದ ಹೊರಡುವ ನಿಯಮವೂ ಅವರಿಗೇ ಹೊಂದುತ್ತದೆ.

ರೋಗದ ಸುದ್ದಿ ಹೊರಬಿದ್ದರೆ ಮಕ್ಕಳ ಮದುವೆಗೆ ಅಡ್ಡಿಯಾದೀತೆಂಬ ಅಂಜಿಕೆಯೂ ಹಳ್ಳಿಗಳಲ್ಲುಂಟು. ಅದು ಹುರುಳಿಲ್ಲದ್ದಲ್ಲ. ಆದುದರಿಂದ ರೋಗಿಗೆ ತಿಳಿಯುವ ಮಾತಿನಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕು. ಹೆಸರು ಗುಪ್ತವಾಗಿರಬೇಕು, ಅನುಭವ ಮಾತ್ರ ಲೋಕಕ್ಕೆ ಸಲ್ಲಬೇಕು.

ವಿದ್ಯಾಶಾಲೆಗಳು ಇಲ್ಲಿ ಮಾಡಬಹುದಾದುದು ಬಹಳವಿದೆ. ವೈದ್ಯರಾಗಿ, ದಾದಿಯರಾಗಿ, ಗುಮಾಸ್ತರಾಗಿ ದುಡಿಯುವ ಹಳೆಯ ವಿದ್ಯಾರ್ಥಿಗಳು ಒಂದೊಂದು ಸಾಲನ್ನೂ ಪ್ರಾಮಾಣಿಕವಾಗಿ ತುಂಬಲಿ. ದಾನಿಗಳು ಕಟ್ಟಡಕ್ಕೆ ಕೊಡುವಂತೆಯೇ, ಕಸಿಯಾದ ಬಡ ರೋಗಿಯೊಬ್ಬನು ತಪಾಸಣೆಗೆ ಹೋಗಿಬರುವ ಬಸ್ಸಿನ ವೆಚ್ಚಕ್ಕೂ ಕೊಡಲಿ. ಅದರಿಂದ ಅವನಿಗೆ ಚಿಕಿತ್ಸೆ ತಪ್ಪದು. ಮುಂದೆ ಬರುವ ಅಪರಿಚಿತ ರೋಗಿಗೆ ಅವನ ಅನುಭವವೂ ತಪ್ಪದು.