ಎಲ್ಲ ಕೆಮ್ಮೂ ಟಿಬಿ ಅಲ್ಲ

ಮೆಲಿಯೊಯ್ಡೋಸಿಸ್. ಹೆಸರು ಬಾಯಿಗೆ ಕಷ್ಟ, ಆದರೆ ಕಾಯಿಲೆ ನಮ್ಮ ಕರಾವಳಿಯ ಮಣ್ಣಿನದ್ದೇ. ಕೆಲಸಕ್ಕೆಂದು ಮಂಗಳೂರಿನಲ್ಲಿದ್ದ ನನಗೆ ಇದರ ಪರಿಚಯವಾದದ್ದು ಮಾವನಿಂದ.

ಮಾವ ಗದ್ದೆ ಕೆಲಸದವರು, ಸಕ್ಕರೆ ಕಾಯಿಲೆಯೂ ಇತ್ತು. ಮಳೆಗಾಲದಲ್ಲಿ ಜ್ವರ, ಕೆಮ್ಮು ಶುರುವಾಯಿತು. ಕಫದಲ್ಲಿ ಟಿಬಿ ಕಾಣಲಿಲ್ಲ. ಆದರೂ ಎಕ್ಸ್‌ರೇ ನೋಡಿ ಟಿಬಿ ಮಾತ್ರೆ ಕೊಟ್ಟರು. ತಿಂಗಳಾದರೂ ಜ್ವರ ಬಿಡಲಿಲ್ಲ, ಮೈ ಇಳಿಯುತ್ತಾ ಹೋಯಿತು. ಮಂಗಳೂರಿಗೆ ಕರೆತಂದು ರಕ್ತದ ಕಲ್ಚರ್ ಪರೀಕ್ಷೆ ಮಾಡಿಸಿದಾಗ ಬೆಳೆದದ್ದು ಬೇರೆಯೇ ಬ್ಯಾಕ್ಟೀರಿಯಾ: ಬರ್ಕೋಲ್ಡೇರಿಯಾ ಸೂಡೊಮಲೈ.

ಇದು ಒದ್ದೆ ಮಣ್ಣು, ನಿಂತ ನೀರಿನಲ್ಲಿ ಬದುಕುತ್ತದೆ. ಕಾಲಿನ ಗಾಯ, ಉಸಿರು, ಕುಡಿಯುವ ನೀರು, ಯಾವ ದಾರಿಯಿಂದಲೂ ಒಳಗೆ ಬರಬಹುದು. 1912ರಲ್ಲಿ ರಂಗೂನಿನ ವಿಟ್ಮೋರ್ ಮತ್ತು ಕೃಷ್ಣಸ್ವಾಮಿ ಎಂಬ ವೈದ್ಯರು ಇದನ್ನು ಮೊದಲು ವರದಿ ಮಾಡಿದರು. ಥಾಯ್ಲೆಂಡ್, ಉತ್ತರ ಆಸ್ಟ್ರೇಲಿಯಾದಲ್ಲಿ ಇದು ಚಿರಪರಿಚಿತ. ಮಣಿಪಾಲ, ಮಂಗಳೂರಿನ ವೈದ್ಯರೂ ವರ್ಷಗಳಿಂದ ಇದನ್ನು ಕಂಡು ವರದಿ ಮಾಡುತ್ತಿದ್ದಾರೆ.

ಶ್ವಾಸಕೋಶಕ್ಕೆ ಯಾವ ಬ್ಯಾಕ್ಟೀರಿಯಾ ಬರುತ್ತದೆ ಎಂಬುದರಲ್ಲಿ ನಾವಿರುವ ಊರಿಗೂ ಪಾಲಿದೆ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟು ಕಾಯಿಲೆ ಇದಕ್ಕೆ ಉದಾಹರಣೆ. ಅದರಲ್ಲಿ ಕಫ ಗಟ್ಟಿಯಾಗಿ ಅಂಟಿಕೊಂಡು, ಬ್ಯಾಕ್ಟೀರಿಯಾ ಅಲ್ಲೇ ಠಿಕಾಣಿ ಹೂಡುತ್ತವೆ. ಆ ಕಾಯಿಲೆ ಇದ್ದು ಉತ್ತರ ಆಸ್ಟ್ರೇಲಿಯಾದಲ್ಲಿ ವಾಸಿಸುವ ಕೆಲವರ ಕಫದಲ್ಲೂ ಇದೇ ಮಣ್ಣಿನ ಬ್ಯಾಕ್ಟೀರಿಯಾ ಸಿಕ್ಕಿದೆ. ನಮ್ಮಲ್ಲಿ ಇದಕ್ಕೆ ಹೆಚ್ಚಾಗಿ ಸಿಗುವವರು ಸಕ್ಕರೆ ಕಾಯಿಲೆಯವರು.

ಟಿಬಿ ಮಾತ್ರೆಗೆ ಇದು ಬಗ್ಗುವುದಿಲ್ಲ. ಮೊದಲು ಕನಿಷ್ಠ 10ರಿಂದ 14 ದಿನ ರಕ್ತನಾಳಕ್ಕೆ ಇಂಜೆಕ್ಷನ್, ಆಮೇಲೆ ಸುಮಾರು 3 ತಿಂಗಳು ಮಾತ್ರೆ. ಗುಣವಾಯಿತೆಂದು ನಡುವೆ ಬಿಟ್ಟರೆ ಮರಳಿ ಬರಬಹುದು. ಮಾವ ಒಂದು ದಿನವೂ ತಪ್ಪಿಸಲಿಲ್ಲ, ಉಳಿದುಕೊಂಡರು. ತಡವಾಗಿ ಗೊತ್ತಾದ ಎಷ್ಟೋ ಮಂದಿ ಉಳಿಯುವುದಿಲ್ಲ.

ಇದನ್ನು ಓದಿ ಹೆದರಬೇಡಿ, ಟಿಬಿ ಚಿಕಿತ್ಸೆಯನ್ನು ನೀವಾಗಿಯೇ ನಿಲ್ಲಿಸಲೂ ಬೇಡಿ. ಗದ್ದೆಗಿಳಿಯುವಾಗ ಬೂಟು ಹಾಕಿ, ಗಾಯ ಮುಚ್ಚಿ, ಸಕ್ಕರೆ ಹಿಡಿತದಲ್ಲಿಡಿ. ಜ್ವರ ಬಿಡದಿದ್ದರೆ ಡಾಕ್ಟರ ಬಳಿ ಕೆಮ್ಮು ಎಷ್ಟು ದಿನದಿಂದ ಎಂದು ಹೇಳಿದರಷ್ಟೇ ಸಾಲದು. ನಿಮ್ಮ ಊರು ಯಾವುದು, ಕೆಲಸ ಏನು, ಮಳೆಯಲ್ಲಿ ಕೆಸರಿಗಿಳಿದಿದ್ದೀರಾ, ಸಕ್ಕರೆ ಕಾಯಿಲೆ ಇದೆಯಾ, ಅದನ್ನೂ ಹೇಳಿ. ಕಲ್ಚರ್ ಮಾಡಿಸಬೇಕೇ ಎಂದು ನೀವೇ ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ.